ಬಡತನದ ವರದಿಗೆ ರೇಡಿಯೊ ಸಾಕೆ?

ಪ್ರಶ್ನೆ: ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿಯಾದ ನನಗೆ ಆರ್ಥಿಕ ಅಸಮಾನತೆ ಮತ್ತು ಸರ್ಕಾರದ ಸಾಮಾಜಿಕ ನೀತಿಗಳ ಬಗ್ಗೆ ರೇಡಿಯೊದಲ್ಲಿ ಕೆಲಸ ಮಾಡುವ ಆಸೆಯಿದೆ. ಚಿತ್ರವನ್ನಾಗಲಿ ಅಂಕಿ-ಅಂಶಗಳ ಪಟ್ಟಿಯನ್ನಾಗಲಿ ತೋರಿಸಲಾಗದ ಮಾಧ್ಯಮದಲ್ಲಿ ಇದು ಸಾಧ್ಯವೆ? ಹೀಗೆ ದುಡಿದವರು ಯಾರಾದರೂ ಇದ್ದಾರೆಯೆ?
– ಓದುಗರು, ಶಿವಮೊಗ್ಗ

ಉತ್ತರ: ಇದ್ದಾರೆ. ಬ್ರಿಟನ್ನಿನ ಓಲಿವ್ ಶಾಪ್ಲಿ (1910–1999) ಅವರ ವೃತ್ತಿಜೀವನವನ್ನು ನೀವು ಗಮನಿಸಬೇಕು. ಆಕ್ಸ್‌ಫರ್ಡ್‌ನಲ್ಲಿ ಓದಿದ ಆಕೆ 1934ರಲ್ಲಿ ಬಿಬಿಸಿಯ ಮ್ಯಾಂಚೆಸ್ಟರ್ ಕೇಂದ್ರಕ್ಕೆ ಸೇರಿದ್ದು ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳಲು. ಆಗಿನ ಬಿಬಿಸಿಯಲ್ಲಿ ಕಾರ್ಮಿಕರ ದನಿ ಕೇಳಿಸುವುದೇ ಅಪರೂಪವಾಗಿತ್ತು. ಕೇಳಿಸಿದರೂ, ಅವರು ಆಡಿದ್ದನ್ನು ಮೊದಲು ಬರೆದುಕೊಂಡು, ತಿದ್ದಿ, ಮತ್ತೆ ಸ್ಟುಡಿಯೊದಲ್ಲಿ ಅವರಿಂದಲೇ ಓದಿಸುವ ಪದ್ಧತಿಯಿತ್ತು. ಹಸಿವಿನ ಮಾತನ್ನು ಕಾಗದ ನೋಡಿ ಓದಿದರೆ ಅದು ಹೇಗೆ ಕೇಳಿಸುತ್ತದೆಂಬುದನ್ನು ನೀವೇ ಊಹಿಸಬಹುದು.

ಈ ಪದ್ಧತಿಯನ್ನು ಮುರಿಯಲು ನೆರವಾದದ್ದು ಒಂದು ವಾಹನ. ಇಪ್ಪತ್ತೇಳು ಅಡಿ ಉದ್ದದ, ಏಳು ಟನ್‌ಗೂ ಹೆಚ್ಚು ತೂಕದ, ಗಂಟೆಗೆ ಇಪ್ಪತ್ತು ಮೈಲಿಗಿಂತ ವೇಗವಾಗಿ ಓಡದ ಧ್ವನಿಮುದ್ರಣ ವ್ಯಾನನ್ನು ಶಾಪ್ಲಿ ಉತ್ತರ ಇಂಗ್ಲೆಂಡಿನ ಬೀದಿಗಳಿಗೆ, ಅಂಗಡಿಗಳಿಗೆ, ಗಣಿಗಾರರ ಮನೆಬಾಗಿಲಿಗೆ ಕೊಂಡೊಯ್ದರು. 1938ರಲ್ಲಿ ನಿರ್ವಸಿತರ ಬಗ್ಗೆ ಅವರು ಮಾಡಿದ ಕಾರ್ಯಕ್ರಮದಲ್ಲಿ ಮನೆಯಿಲ್ಲದವರೇ ಮಾತನಾಡಿದರು. ಮರುವರ್ಷ ಡರ್ಹಮ್ ಸೀಮೆಯ ಕ್ರೇಗ್‌ಹೆಡ್ ಎಂಬ ಗಣಿ ಊರಿನ ಹೆಂಗಸರ ಬದುಕನ್ನು ಫ್ರಾನ್ಸಿನ ಬೆಥ್ಯೂನ್ ಬಳಿಯ ಗಣಿಗಾರರ ಹೆಂಡತಿಯರ ಬದುಕಿನ ಪಕ್ಕದಲ್ಲಿಟ್ಟು ಕೇಳಿಸಿದರು. ಇಂಥ ತುಲನೆಗೆ ಚಿತ್ರ ಬೇಕಿಲ್ಲ. ಎರಡು ಮನೆಗಳ ದಿನಚರಿ ಒಂದರ ಹಿಂದೊಂದು ಕೇಳಿಸಿದರೆ, ಯಾವುದು ಬಡತನದಿಂದ ಬಂದದ್ದು, ಯಾವುದು ಆ ದೇಶದ ರೂಢಿಯಿಂದ ಬಂದದ್ದು ಎಂದು ಕೇಳುಗರು ತಾವೇ ಯೋಚಿಸತೊಡಗುತ್ತಾರೆ. ಸಿದ್ಧ ಬರಹವಿಲ್ಲದ ಮಾತಿಗೆ ಅದರದೇ ಆದ ಫಜೀತಿಯೂ ಇತ್ತು. ಡರ್ಹಮ್ ಗಣಿಗಾರರು ನೇರ ಪ್ರಸಾರದಲ್ಲಿ ಮಾತನಾಡುವಾಗ, ಬೈಗುಳ ಆಡಬೇಡಿರೆಂದು ಬರೆದ ಫಲಕವನ್ನು ಆಕೆ ಎತ್ತಿ ತೋರಿಸಬೇಕಾಗಿತ್ತು.

ಪ್ರಶ್ನೆ: ಇಂಥ ಕಾರ್ಯಕ್ರಮಗಳನ್ನು ಪಕ್ಷಪಾತವೆಂದು ದೂರುವುದಿಲ್ಲವೆ? ಸರ್ಕಾರ ಸುಮ್ಮನಿರುತ್ತದೆಯೆ?

ಉತ್ತರ: ದೂರುತ್ತಾರೆ, ಕೆಲವೊಮ್ಮೆ ಆ ದೂರಿನಲ್ಲಿ ಹುರುಳೂ ಇರುತ್ತದೆ. 1939ರಲ್ಲಿ ಶಾಪ್ಲಿ, ರಂಗನಿರ್ದೇಶಕಿ ಜೋನ್ ಲಿಟಲ್‌ವುಡ್ ಜೊತೆಗೂಡಿ, 1840ರ ದಶಕದಲ್ಲಿ ಕಾರ್ಲ್ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಕಂಡು ಬರೆದ ಮ್ಯಾಂಚೆಸ್ಟರನ್ನು ತಮ್ಮ ಕಾಲದ ಮ್ಯಾಂಚೆಸ್ಟರಿನೊಂದಿಗೆ ಹೋಲಿಸುವ ಕಾರ್ಯಕ್ರಮ ರೂಪಿಸಿದರು. ಬಿಬಿಸಿ ಪ್ರಸಾರ ಮಾಡಿದ ಅತ್ಯಂತ ಪಕ್ಷಪಾತದ ಕಾರ್ಯಕ್ರಮ ಬಹುಶಃ ಅದೇ ಇರಬೇಕೆಂದು ಮುಪ್ಪಿನಲ್ಲಿ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡರು. ನೂರು ವರ್ಷಗಳಲ್ಲಿ ಸುಧಾರಿಸಿದ್ದೂ ಬಹಳಷ್ಟಿರುವಾಗ ಸುಧಾರಿಸದ್ದನ್ನಷ್ಟೇ ಆಯ್ದು ಕೇಳಿಸಿದರೆ ಆ ಮಾತು ಬಂದೇ ಬರುತ್ತದೆ. ಆದರೂ ಅದರೊಳಗಿನ ದನಿಗಳು ಸುಳ್ಳಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸರ್ಕಾರದ ವಿಷಯಕ್ಕೆ ಬಂದರೆ, 1934ರಲ್ಲಿ ನಿರುದ್ಯೋಗಿಗಳೇ ತಮ್ಮ ಬವಣೆ ಹೇಳಿಕೊಂಡ ಬಿಬಿಸಿಯ ಭಾಷಣಮಾಲೆಯೊಂದನ್ನು ಸಂಸತ್ತಿನಲ್ಲಿ ವಿರೋಧ ಪಕ್ಷದವರು ಉಲ್ಲೇಖಿಸತೊಡಗಿದಾಗ, ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅದನ್ನು ನಿಲ್ಲಿಸಲು ಮುಂದಾದರು. ನಿಲ್ಲಿಸುವುದಾದರೆ, ನಿರುದ್ಯೋಗಿಗಳು ಮಾತನಾಡುವುದನ್ನು ಸರ್ಕಾರ ತಡೆದಿದೆಯೆಂದು ಪ್ರಕಟಿಸಿ ಆ ಹೊತ್ತನ್ನು ಪೂರಾ ಮೌನವಾಗಿ ಬಿಡುವುದಾಗಿ ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಉತ್ತರಿಸಿದರು. ಮಾಲಿಕೆ ಮುಂದುವರಿಯಿತು.

ಪ್ರಶ್ನೆ: ಇದೇ ಕೆಲಸದಲ್ಲಿ ಜೀವನಪೂರ್ತಿ ಇರಲು ಆಗುತ್ತದೆಯೆ? ಕರ್ನಾಟಕದಲ್ಲಿ ಅವಕಾಶ ಹೇಗಿದೆ?

ಉತ್ತರ: ಶಾಪ್ಲಿಯವರ ದಾರಿಯೂ ನೇರವಾಗಿರಲಿಲ್ಲ. 1939ರಲ್ಲಿ ಸಹೋದ್ಯೋಗಿಯೊಬ್ಬರನ್ನು ಮದುವೆಯಾದಾಗ, ಗಂಡ-ಹೆಂಡತಿ ಇಬ್ಬರೂ ನೌಕರಿಯಲ್ಲಿರಬಾರದೆಂಬ ನಿಯಮದಿಂದಾಗಿ ಕಾಯಂ ಹುದ್ದೆ ಬಿಡಬೇಕಾಯಿತು. ಅನಂತರ ಹವ್ಯಾಸಿಯಾಗಿ ದುಡಿದರು; ಯುದ್ಧಕಾಲದಲ್ಲಿ ನ್ಯೂಯಾರ್ಕಿನಿಂದ ಪ್ರಸಾರ ಮಾಡಿದರು; 1949ರಿಂದ ಮಹಿಳೆಯರ ದೈನಂದಿನ ಕಾರ್ಯಕ್ರಮದ ನಿರೂಪಕಿಯಾದರು. ಮುಂದೆ ಮ್ಯಾಂಚೆಸ್ಟರಿನ ತಮ್ಮ ದೊಡ್ಡ ಮನೆಯನ್ನೇ ಆಸರೆಯಿಲ್ಲದ ಒಂಟಿ ತಾಯಂದಿರಿಗೆ, ಆಮೇಲೆ ವಿಯೆಟ್ನಾಂ ನಿರಾಶ್ರಿತರಿಗೆ ತೆರೆದುಕೊಟ್ಟರು.

ನಮ್ಮಲ್ಲಿ ತೊಡಕು ಬೇರೆ ಬಗೆಯದು. ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿಗಳು (ಸ್ಥಳೀಯರಿಗಾಗಿ ನಡೆಯುವ ಸಣ್ಣ ರೇಡಿಯೊ ಕೇಂದ್ರಗಳು) ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಬಿತ್ತರಿಸಬಹುದಷ್ಟೆ. ಆದರೆ ಪಡಿತರ, ಪಿಂಚಣಿ, ಉದ್ಯೋಗ ಖಾತರಿ ಯೋಜನೆಗಳನ್ನು ಕುರಿತು ಊರಿನವರಿಂದಲೇ ಮಾತನಾಡಿಸಲು ಸಮುದಾಯ ಬಾನುಲಿಗೆ ಅಡ್ಡಿಯಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು, ಪರವಾನಗಿ ಸಿಗದಿದ್ದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ತಲುಪಿಸಿದ್ದರು. ನಿಮ್ಮ ಜಿಲ್ಲೆಯ ಯಾವುದಾದರೂ ಸಮುದಾಯ ಕೇಂದ್ರದಲ್ಲಿ ಮೊದಲು ಧ್ವನಿಮುದ್ರಣ ಕಲಿಯಿರಿ. ಜೊತೆಗೆ ರಾಜ್ಯ ಬಜೆಟ್ಟಿನ ಪುಸ್ತಕಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಪಿಂಚಣಿ ಬಾರದ ಅಜ್ಜಿಯ ಮಾತನ್ನು ಮುದ್ರಿಸಿಕೊಂಡ ಮೇಲೆ, ಆ ಪಿಂಚಣಿಗೆ ಹಣ ಎಷ್ಟು ಇಟ್ಟಿದ್ದರು, ಅದು ಯಾವ ಕಚೇರಿಯಲ್ಲಿ ನಿಂತಿತು ಎಂದು ಕೇಳಬೇಕಾದವರು ನೀವೇ.