ಇಂಗ್ಲೆಂಡಿನಲ್ಲಿ ಕರೆಂಟ್ ಕಂಪನಿ ಬದಲಿಸಿದ ಮೇಲೂ ಹಳೆಯವರ ಫೋನು, ಕಾಗದ ನಿಲ್ಲುತ್ತಿಲ್ಲ. ಏನು ಮಾಡಲಿ?

ನೀವು ಬರೆದಿರುವ ಪ್ರಕಾರ, ಸ್ಲೌನಲ್ಲಿ ಇದ್ದೀರಿ. ಗ್ಯಾಸು, ಕರೆಂಟು ಎರಡನ್ನೂ ಬೇರೆ ಕಂಪನಿಗೆ ಬದಲಿಸಿ ಕೆಲವು ತಿಂಗಳಾಗಿದೆ. ಹಳೇ ಕಂಪನಿಯವರು ಮಾತ್ರ "ವಾಪಸ್ ಬನ್ನಿ, ಒಳ್ಳೆ ರೇಟ್ ಕೊಡ್ತೀವಿ" ಅಂತ ಫೋನ್ ಮಾಡುತ್ತಲೇ ಇದ್ದಾರೆ, ಕಾಗದವೂ ಬರುತ್ತಿದೆ. ಮಾರಾಟದ ಕರೆ ಬೇಡ ಅನ್ನುವವರ ಪಟ್ಟಿ ಇದೆಯಲ್ಲ, ಟಿಪಿಎಸ್, ಅಂದರೆ ಟೆಲಿಫೋನ್ ಪ್ರಿಫರೆನ್ಸ್ ಸರ್ವಿಸ್, ಅದರಲ್ಲಿ ನಂಬರ್ ಹಾಕಿಸಿದರೂ ನಿಂತಿಲ್ಲ. ನನಗೂ ಇದೇ ಕಾಟ ಇತ್ತು. ಈಗ ಇಲ್ಲ.

ಊರಿನಲ್ಲಿ 1909 ನಂಬರಿಗೆ ಹೇಳಿ ಡಿಎನ್‌ಡಿ (ಜಾಹೀರಾತು ಕರೆ ಬೇಡ ಅಂತ) ಹಾಕಿಸಿ ರೂಢಿ ಆಗಿರುವ ನಾವು ಇಲ್ಲಿಗೆ ಬಂದ ಮೇಲೆ ಮೊದಲು ಹುಡುಕುವುದು ಟಿಪಿಎಸ್ಸನ್ನೇ. ಹಾಕಿಸಿದ್ದು ಒಳ್ಳೆಯದೇ. ದುಡ್ಡು ಕೊಡಬೇಕಿಲ್ಲ, ಮೊಬೈಲಿಗೂ ಆಗುತ್ತದೆ, ಪೂರ್ತಿ ಜಾರಿಗೆ ಬರಲು 28 ದಿನ ಬೇಕು. ಆದರೆ ಅದು ಹೆಚ್ಚಾಗಿ ತಡೆಯುವುದು ಗುರುತು ಪರಿಚಯ ಇಲ್ಲದ ಕಂಪನಿಗಳನ್ನು. ಸೇರುವಾಗ ಫಾರಂನಲ್ಲಿ ಎಲ್ಲೋ ಒಂದು ಟಿಕ್ ಹಾಕಿ "ಫೋನ್ ಮಾಡಬಹುದು" ಅಂತ ಒಪ್ಪಿದ್ದರೆ, ಹಳೇ ಕಂಪನಿ ಅದನ್ನೇ ಹಿಡಿದು ಕೂರುತ್ತದೆ.

ಕಾಗದದ ವಿಷಯ ಇನ್ನೂ ಸಡಿಲ. ಜಾಹೀರಾತಿನ ಕಾಗದ ಬೇಡ ಅನ್ನುವವರಿಗೆ ಮೇಲಿಂಗ್ ಪ್ರಿಫರೆನ್ಸ್ ಸರ್ವಿಸ್ ಅಂತ ಒಂದಿದೆ. ಆದರೆ ಹಿಂದೆ ವ್ಯವಹಾರ ಮಾಡಿದ ಕಂಪನಿಗಳ ಕಾಗದ ಅದರಿಂದ ನಿಲ್ಲುವುದಿಲ್ಲ. ನಿಮ್ಮ ಸಮಸ್ಯೆ ಇರುವುದೇ ಅಲ್ಲಿ, ಅಲ್ವಾ? ರಾಯಲ್ ಮೇಲ್‌ನವರ ಡೋರ್ ಟು ಡೋರ್ ಆಪ್ಟ್ ಔಟ್ ಕೂಡ ಹೆಸರು, ವಿಳಾಸ ಇಲ್ಲದ ಕರಪತ್ರಗಳಿಗೆ ಮಾತ್ರ.

ಹಾಗಾಗಿ ನೀವು ಬರೆಯಬೇಕಾದದ್ದು ಹಳೇ ಕಂಪನಿಗೇ. ಅದೂ ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಅಲ್ಲ. ಅವರ ವೆಬ್‌ಸೈಟಿನ ತಳದಲ್ಲಿ ಪ್ರೈವಸಿ ನೋಟಿಸ್ ಅಂತ ಇರುತ್ತದೆ. ಅದನ್ನು ತೆರೆದರೆ ಡೇಟಾ ಪ್ರೊಟೆಕ್ಷನ್ ವಿಭಾಗದ ಇಮೇಲ್ ವಿಳಾಸ ಸಿಗುತ್ತದೆ. ಅಲ್ಲಿಗೆ ಬರೆಯಿರಿ. ಜನರ ಖಾಸಗಿ ವಿವರ ಕಾಯುವ ಇಲ್ಲಿನ ಕಾನೂನು, ಅಂದರೆ ಯುಕೆ ಜಿಡಿಪಿಆರ್‌ನ 21ನೇ ವಿಧಿ, ನಿಮಗೆ ಒಂದು ಗಟ್ಟಿ ಹಕ್ಕು ಕೊಡುತ್ತದೆ. ನನ್ನ ವಿವರ ಇಟ್ಟುಕೊಂಡು ಡೈರೆಕ್ಟ್ ಮಾರ್ಕೆಟಿಂಗ್ ಮಾಡಬೇಡಿ ಅಂತ ನೀವು ಆಕ್ಷೇಪ ಹೇಳಿದರೆ ಅವರು ನಿಲ್ಲಿಸಲೇಬೇಕು. ನೀವು ಕಾರಣ ಕೊಡಬೇಕಿಲ್ಲ. ಬೇರೆ ವಿಷಯಗಳಲ್ಲಾದರೆ "ನಮಗೂ ತಕ್ಕ ಕಾರಣ ಇದೆ" ಅಂತ ಕಂಪನಿ ವಾದಿಸಬಹುದು. ಮಾರ್ಕೆಟಿಂಗ್‌ನಲ್ಲಿ ಆ ವಾದಕ್ಕೆ ಜಾಗವೇ ಇಲ್ಲ. ಫೋನ್ ಕರೆಗಳಿಗೆ ಇದರ ಜೊತೆಗೆ 2003ರ ಪಿಇಸಿಆರ್ ನಿಯಮಗಳೂ ಇವೆ. ಬೇಡ ಅಂತ ಹೇಳಿದವರಿಗೆ ಮಾರಾಟದ ಕರೆ ಮಾಡುವಂತಿಲ್ಲ. ಹಿಂದೆ ಹಾಕಿದ ಟಿಕ್ ಕೂಡ ಅಲ್ಲಿಗೆ ಮುಗಿಯಿತು.

ಇಮೇಲ್ ನಾಲ್ಕೈದು ಸಾಲು ಸಾಕು. ನನ್ನ ಖಾತೆ ಮುಚ್ಚಿದೆ, 21ನೇ ವಿಧಿಯ ಪ್ರಕಾರ ಡೈರೆಕ್ಟ್ ಮಾರ್ಕೆಟಿಂಗ್‌ಗೆ ನನ್ನ ಆಕ್ಷೇಪ ಇದೆ, ಫೋನ್, ಕಾಗದ, ಇಮೇಲ್, ಮೆಸೇಜ್ ಎಲ್ಲವನ್ನೂ ನಿಲ್ಲಿಸಿ, ನಿಮ್ಮ ಪರವಾಗಿ ಕರೆ ಮಾಡುವ ಏಜೆನ್ಸಿಗಳಿಗೂ ತಿಳಿಸಿ, ನಿಲ್ಲಿಸಿದ್ದಕ್ಕೆ ಉತ್ತರ ಬರೆಯಿರಿ. ಇಷ್ಟೇ. ಸಿಟ್ಟು ಬೇಡ, ಕಥೆ ಬೇಡ. ಅವರು ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕಳಿಸಿದ ತಾರೀಖು ಗುರುತು ಹಾಕಿಕೊಳ್ಳಿ.

ಕೆಳಗೆ ವಿವರ ಕೊಡುವಾಗ ಮಾತ್ರ ಸ್ವಲ್ಪ ಜಾಸ್ತಿ ಗಮನ ಕೊಡಿ. ಹಳೇ ಖಾತೆ ನಂಬರ್, ಆ ಮನೆಯ ವಿಳಾಸ, ಕರೆ ಬರುತ್ತಿರುವ ಎಲ್ಲಾ ಫೋನ್ ನಂಬರ್ ಬರೆಯಿರಿ. ಹೆಸರನ್ನು ಕವರಿನ ಮೇಲೆ ಹೇಗೆ ಅಚ್ಚಾಗಿದೆಯೋ ಹಾಗೇ ಬರೆಯಿರಿ. ನಮ್ಮ ಕಡೆಯ ಹೆಸರುಗಳಲ್ಲಿ ಇದೇ ದೊಡ್ಡ ತೊಂದರೆ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿರುತ್ತೇವೆ. ಒಂದು ಫಾರಂನಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ. ಕಂಪನಿಯ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು! ನನಗೆ ಫೋನ್ ನಿಂತ ಮೇಲೂ ಕಾಗದ ಬರುತ್ತಿತ್ತು. ಕವರ್ ನೋಡಿದರೆ ಹೆಸರು ಉಲ್ಟಾ ಇರುವ ಇನ್ನೊಂದು ದಾಖಲೆ. ಅದರ ಫೋಟೋ ಕಳಿಸಿದ ಮೇಲೆ ಅದೂ ನಿಂತಿತು. ಖಾತೆಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಇಬ್ಬರೂ ಬರೆಯುವುದು ಒಳ್ಳೆಯದು.

"ನನ್ನ ವಿವರ ಎಲ್ಲಾ ಅಳಿಸಿಬಿಡಿ" ಅಂತ ಬರೆಯಬೇಕು ಅನ್ನಿಸುತ್ತದೆ. ಬೇಡ. ಬಿಲ್ಲಿನ ಲೆಕ್ಕವನ್ನು ಅವರು ಕೆಲವು ವರ್ಷ ಇಟ್ಟುಕೊಳ್ಳಬಹುದು, ಹಾಗಾಗಿ ಎಲ್ಲವನ್ನೂ ಅಳಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಅಳಿಸಿದರೆ ನೀವು ಬೇಡ ಅಂದಿದ್ದೂ ಅಳಿಸಿಹೋಗುತ್ತದೆ. ನಾಳೆ ಬೇರೆ ಯಾರಿಂದಲೋ ಕೊಂಡ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಸಪ್ರೆಷನ್ ಲಿಸ್ಟ್ ಅಂತ ಇರುತ್ತದೆ. ಇವರನ್ನು ಮುಟ್ಟಬೇಡಿ ಅಂತ ಹೇಳುವಷ್ಟು ವಿವರ ಮಾತ್ರ ಉಳಿಸಿಕೊಂಡ ಪಟ್ಟಿ ಅದು. ನನ್ನನ್ನು ಅದಕ್ಕೆ ಸೇರಿಸಿ ಅಂತ ಕೇಳಿ.

ಆಮೇಲೆ, ಹಳೇ ಕಂಪನಿಯ ಕಾಗದ ಅಂತ ತೆರೆಯದೆ ಕಸಕ್ಕೆ ಹಾಕಬೇಡಿ. ಕಂಪನಿ ಬದಲಿಸಿದ 6 ವಾರದೊಳಗೆ ಅವರು ಕೊನೆಯ ಬಿಲ್ ಕೊಡಬೇಕು. ನಿಮ್ಮ ದುಡ್ಡು ಅವರ ಹತ್ತಿರ ಉಳಿದಿದ್ದರೆ ಆ ಬಿಲ್ ಆದ 10 ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಬಿಲ್ಲು, ಬಾಕಿ, ಮೀಟರ್ ರೀಡಿಂಗ್ ಇವೆಲ್ಲ ಮಾರ್ಕೆಟಿಂಗ್ ಅಲ್ಲ, ನಿಮ್ಮ ಆಕ್ಷೇಪದಿಂದ ನಿಲ್ಲುವುದೂ ಇಲ್ಲ. ಆದರೆ ಬಿಲ್ಲಿನ ಕಾಗದದಲ್ಲೇ "ನಮ್ಮ ಹೊಸ ಟ್ಯಾರಿಫ್ ನೋಡಿ" ಅಂತ ಜಾಹೀರಾತು ತುರುಕಿದ್ದರೆ ಅದು ಮಾರ್ಕೆಟಿಂಗೇ.

ಇನ್ನೊಂದು ಜಾಣತನ ಇದೆ. "ನಿಮ್ಮ ವಿವರ ಸರಿ ಇದೆಯಾ, ನಿಮ್ಮ ಇಷ್ಟ ಏನು ತಿಳಿಸಿ" ಅಂತ ಸಾಧುವಾಗಿ ಒಂದು ಇಮೇಲ್ ಬರುತ್ತದೆ. ಫ್ಲೈಬಿ ವಿಮಾನ ಕಂಪನಿ 2016ರಲ್ಲಿ ಇದೇ ತರಹದ ಇಮೇಲನ್ನು, ಈಗಾಗಲೇ ಬೇಡ ಅಂದಿದ್ದ 33 ಲಕ್ಷಕ್ಕೂ ಹೆಚ್ಚು ಜನರಿಗೆ ಕಳಿಸಿತ್ತು. ಮುಂದಿನ ವರ್ಷ 70,000 ಪೌಂಡ್ ದಂಡ ಬಿತ್ತು. ಬೇಡ ಅಂದವರನ್ನು ಬೇಕಾ ಅಂತ ಮತ್ತೆ ಕೇಳುವುದೂ ಇಲ್ಲಿ ತಪ್ಪೇ. ಅಂಥದ್ದು ಬಂದರೆ ಕ್ಲಿಕ್ ಮಾಡಬೇಡಿ, ಇಟ್ಟುಕೊಳ್ಳಿ.

ಫೋನ್ ಬಂದಾಗ ಜಗಳ ಮಾಡಿ ಸುಮ್ನೆ ಬಿಪಿ ಏರಿಸಿಕೊಳ್ಳಬೇಡಿ. ಯಾವ ಕಂಪನಿ ಪರವಾಗಿ ಮಾತಾಡುತ್ತಿದ್ದೀರಿ ಅಂತ ಕೇಳಿ, ನಂಬರ್ ಮತ್ತು ಹೊತ್ತು ಬರೆದುಕೊಂಡು ಇಡಿ. ಹಳೇ ಕಂಪನಿ ಅಂತ ಹೇಳಿಕೊಳ್ಳುವವರೆಲ್ಲ ಹಳೇ ಕಂಪನಿಯವರೇ ಆಗಿರುವುದಿಲ್ಲ. "ರೀಫಂಡ್ ಇದೆ, ಬ್ಯಾಂಕ್ ವಿವರ ಕೊಡಿ" ಅಂದರೆ ಕೂಡಲೇ ಇಟ್ಟುಬಿಡಿ. ಅನುಮಾನದ ಮೆಸೇಜ್ ಆದರೆ 7726ಕ್ಕೆ ಫಾರ್ವರ್ಡ್ ಮಾಡಿ, ಖರ್ಚಿಲ್ಲ.

ಒಂದು ತಿಂಗಳಾದರೂ ಉತ್ತರ ಇಲ್ಲ, ಕರೆಯೂ ನಿಂತಿಲ್ಲ ಅಂದರೆ ಈ ಕಾನೂನುಗಳನ್ನು ಜಾರಿ ಮಾಡುವ ಐಸಿಒಗೆ, ಅಂದರೆ ಇನ್ಫರ್ಮೇಷನ್ ಕಮಿಷನರ್ ಕಚೇರಿಗೆ, ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ನೀವು ಕಳಿಸಿದ ಇಮೇಲು, ಕರೆಗಳ ಪಟ್ಟಿ, ಕವರಿನ ಫೋಟೋ ಜೊತೆಗಿಡಿ. ಅಲ್ಲಿಂದ ನಿಮಗೆ ಪರಿಹಾರದ ದುಡ್ಡು ಬರುವುದಿಲ್ಲ, ಆ ಆಸೆ ಬೇಡ. ಆದರೆ ಐಸಿಒ ಹೆಸರು ಎತ್ತಿದ ಕೂಡಲೇ ಬಹಳಷ್ಟು ಕಂಪನಿಗಳು ಚುರುಕಾಗುತ್ತವೆ. ಕೊನೆಯ ಬಿಲ್ಲಿನದೇ ಜಗಳವಾದರೆ ಅದಕ್ಕೆ ದಾರಿ ಬೇರೆ. ಮೊದಲು ಕಂಪನಿಗೆ ದೂರು, 8 ವಾರದಲ್ಲಿ ಬಗೆಹರಿಯದಿದ್ದರೆ ಎನರ್ಜಿ ಆಂಬುಡ್ಸ್‌ಮನ್, ಅಂದರೆ ಗ್ಯಾಸು, ಕರೆಂಟಿನ ದೂರು ಬಗೆಹರಿಸುವ ಸ್ವತಂತ್ರ ಸಂಸ್ಥೆ.

ಹೇಗೂ ಕೂತಿದ್ದೀರಿ, ಇದೊಂದನ್ನೂ ಮಾಡಿ ಮುಗಿಸಿ. ಇಲ್ಲಿ ವಾಸವಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತದಾರರ ಪಟ್ಟಿಗೆ ಸೇರಬಹುದು, ನಮ್ಮಲ್ಲಿ ಬಹಳ ಜನ ಸೇರಿದ್ದೇವೆ. ಆ ಪಟ್ಟಿಯ ಓಪನ್ ರಿಜಿಸ್ಟರ್ ಅನ್ನುವ ಪ್ರತಿಯನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ನಿಮ್ಮ ಹೆಸರು, ವಿಳಾಸ ಮಾರ್ಕೆಟಿಂಗ್‌ನವರ ಕೈಗೆ ಸಿಗುವ ದಾರಿಗಳಲ್ಲಿ ಅದೂ ಒಂದು. ಅದರಿಂದ ಹೆಸರು ತೆಗೆಯಿರಿ ಅಂತ ನಿಮ್ಮ ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಒಂದು ಇಮೇಲ್ ಹಾಕಿ. ಮತದ ಹಕ್ಕಿಗೆ ಏನೂ ಆಗುವುದಿಲ್ಲ.