ಹೊಲದಂಚಿನಲ್ಲಿ ಸಿಕ್ಕ ಕೊಂಡಿ ಯಾವ ಟ್ಯಾಂಕಿನದು?

ಹೊಲದಂಚಿನ ಮಣ್ಣಿನಲ್ಲಿ ಸಿಕ್ಕಿದ, ಸುಮಾರು ಒಂದು ಮೊಳ ಅಗಲದ, ಪಿನ್ನಿನಿಂದ ಜೋಡಿಸಿದ ಎರಡು ಕಬ್ಬಿಣದ ಕೊಂಡಿಗಳು ಎರಡನೆಯ ಮಹಾಯುದ್ಧದ ಟ್ಯಾಂಕಿನವೇ, ಆಗಿದ್ದರೆ ಯಾವ ಟ್ಯಾಂಕು ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಖಂಡಿತ ತಿಳಿಯಬಹುದು. ಇಂಥ ಅವಶೇಷಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿರುವ ನನಗೆ, ಟ್ರ್ಯಾಕಿನ (ಟ್ಯಾಂಕಿನ ಚಕ್ರಗಳನ್ನು ಸುತ್ತುವರಿದ ಉಕ್ಕಿನ ಪಟ್ಟಿಯ) ಕೊಂಡಿಯಷ್ಟು ಸ್ಪಷ್ಟವಾಗಿ ತನ್ನ ಮೂಲವನ್ನು ಹೇಳುವ ಬಿಡಿಭಾಗ ಇನ್ನೊಂದಿಲ್ಲ ಎನಿಸಿದೆ. ಆದರೆ ದಯವಿಟ್ಟು ಆ ಜಾಗವನ್ನು ಇನ್ನಷ್ಟು ಅಗೆಯಬೇಡಿ. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನಲ್ಲಿ ಉಳುವಾಗ ಮೊದಲ ಮಹಾಯುದ್ಧದ ಸಿಡಿಯದ ಶೆಲ್ಲುಗಳೇ ಇಂದಿಗೂ ಮೇಲೆ ಬರುತ್ತಿವೆ; ಅಂಥದ್ದೇನಾದರೂ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಮೊದಲು ಅದು ಟ್ರ್ಯಾಕ್ಟರಿನದಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಬುಲ್ಡೋಜರುಗಳಲ್ಲಿ ನೆಲಕ್ಕೆ ತಾಗುವ ಪಟ್ಟಿಯನ್ನು ಸಾಮಾನ್ಯವಾಗಿ ಒಳಗಿನ ಸರಪಳಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಆ ಕಾಲದ ಜರ್ಮನ್ ಮತ್ತು ಸೋವಿಯತ್ ಟ್ಯಾಂಕುಗಳಲ್ಲಾದರೋ ಬಹುಮಟ್ಟಿಗೆ ಇಡೀ ಕೊಂಡಿಯೇ ಒಂದು ಎರಕ. ಅಯಸ್ಕಾಂತವನ್ನೂ ಹಿಡಿದು ನೋಡಿ. ಸೋವಿಯತ್ ಸೇನೆಯ ಟಿ-34ರಂಥ ಟ್ಯಾಂಕುಗಳ ಕೊಂಡಿಗಳನ್ನು ಸುಮಾರು ಶೇಕಡ 12ರಷ್ಟು ಮ್ಯಾಂಗನೀಸ್ ಇರುವ ಹ್ಯಾಡ್‌ಫೀಲ್ಡ್ ಉಕ್ಕಿನಲ್ಲಿ ಎರಕ ಹೊಯ್ಯುತ್ತಿದ್ದರು, ಮತ್ತು ಈ ಉಕ್ಕು ಕಬ್ಬಿಣವೇ ಆಗಿದ್ದರೂ ಅಯಸ್ಕಾಂತಕ್ಕೆ ಅಂಟುವುದಿಲ್ಲವೆನ್ನುವಷ್ಟು ಕಡಿಮೆ ಅಂಟುತ್ತದೆ.

ಅನಂತರ ಎರಡು ಅಳತೆಗಳು ಬೇಕು: ಕೊಂಡಿಯ ಪೂರ್ತಿ ಅಗಲ, ಮತ್ತು ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರ. ಅಗಲ 500 ಮಿ.ಮೀ., ದೂರ 172 ಮಿ.ಮೀ. ಇದ್ದು, ಒಂದು ಕೊಂಡಿಯ ನಡುವೆ ಎತ್ತರದ ಕೊಂಬು ಎದ್ದು, ಪಕ್ಕದ ಕೊಂಡಿ ಚಪ್ಪಟೆಯಾಗಿದ್ದರೆ ಅದು ಟಿ-34. ಅಗಲ 400, ದೂರ 120 ಆದರೆ ಜರ್ಮನ್ ಕೊಂಡಿ. ಅದರ ಮೇಲೆ ‘ಕೆಜಿಎಸ್ (Kgs) 61/400/120’ ಎಂದು ಎರಕದಲ್ಲೇ ಮೂಡಿರುವುದು ಕಾಣಬಹುದು, ಅದರ ಕೊನೆಯ ಎರಡು ಸಂಖ್ಯೆಗಳು ಈ ಅಳತೆಗಳೇ. ಜರ್ಮನಿಯ ಭಾರೀ ಟೈಗರ್ ಟ್ಯಾಂಕಿನ ಯುದ್ಧದ ಟ್ರ್ಯಾಕು 725 ಮಿ.ಮೀ. ಅಗಲವಿದ್ದುದರಿಂದ ನಿಮ್ಮದು ಅದಾಗಿರಲಾರದು. ಅಮೆರಿಕದ ಶರ್ಮನ್ ಟ್ಯಾಂಕಿನ ಟ್ರ್ಯಾಕಿನ ರಚನೆಯೇ ಬೇರೆ: ಬಿಡಿ ಬಿಡಿ ದಿಮ್ಮಿಗಳು, ಹಲವು ಬಗೆಗಳಲ್ಲಿ ರಬ್ಬರಿನ ಹೊದಿಕೆ, ಎರಡೂ ತುದಿಯಲ್ಲಿ ಅವುಗಳನ್ನು ಹಿಡಿದಿಡುವ ಜೋಡಣೆ.

ಇಷ್ಟು ತಿಳಿದ ಮೇಲೂ ಕೊಂಡಿ ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾವು ಹೇಳಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ಆ 400 ಮಿ.ಮೀ. ಕೊಂಡಿ ಪ್ಯಾಂಜರ್ 3, ಪ್ಯಾಂಜರ್ 4, ಸ್ಟುಗ್ 3 ಈ ಮೂರು ಜರ್ಮನ್ ಯುದ್ಧವಾಹನಗಳಲ್ಲೂ ಬಳಕೆಯಲ್ಲಿತ್ತು. ಸಿಬ್ಬಂದಿ ಬಿಡಿ ಕೊಂಡಿಗಳನ್ನು ಹೆಚ್ಚುವರಿ ರಕ್ಷಣೆಗೆಂದು ಟ್ಯಾಂಕಿನ ಮುಂಭಾಗಕ್ಕೆ ತಗುಲಿಸುತ್ತಿದ್ದುದೂ ಉಂಟು. ಕೊಂಡಿ ಸಿಕ್ಕಿತೆಂದು ಅಲ್ಲಿ ಕಾಳಗ ನಡೆದಿತ್ತು ಎನ್ನುವಂತೆಯೂ ಇಲ್ಲ. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಯೂನಿವರ್ಸಲ್ ಕ್ಯಾರಿಯರ್ ಎಂಬ, ಟ್ರ್ಯಾಕಿನ ಮೇಲೆ ಓಡುವ ಸಣ್ಣ ಸೇನಾ ವಾಹನಗಳು ರೈತರ ಕೈಸೇರಿ ಹೊಲದ ಕೆಲಸಕ್ಕೆ ಒದಗಿದ್ದವು. ಅಂಥ ವಾಹನ ಒಂದೂ ಗುಂಡು ಹಾರಿಸದೆ ಹೊಲದಲ್ಲೇ ಕೆಟ್ಟು ನಿಂತಿರಬಹುದು.

ತುಕ್ಕನ್ನು ಗ್ರೈಂಡರಿನಿಂದ ಉಜ್ಜಬೇಡಿ. ಎರಕದ ಅಂಕಿಗಳೂ ಉಳಿದಿರಬಹುದಾದ ಬಣ್ಣವೂ ಅದರೊಂದಿಗೇ ಹೋಗುತ್ತವೆ. ಮಣ್ಣನ್ನು ನೀರು ಮತ್ತು ಮರದ ಕಡ್ಡಿಯಿಂದ ಬಿಡಿಸಿ, ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಮಾಸಿದ ಅಕ್ಷರಗಳು ಎದ್ದು ಕಾಣುತ್ತವೆ. ಪಿನ್ನನ್ನು ಬಡಿದು ತೆಗೆಯಬೇಡಿ, ಏಕೆಂದರೆ ಟಿ-34ರ ಪಿನ್ನಿಗೆ ಒಳಬದಿಯಲ್ಲಷ್ಟೇ ತಲೆಯಿರುತ್ತದೆ, ಅದೂ ಒಂದು ಸಾಕ್ಷ್ಯ. ಆ ಎರಡು ಅಳತೆಗಳನ್ನೂ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಮಗ್ಗುಲಿನಿಂದ ತೆಗೆದ ಚಿತ್ರಗಳನ್ನೂ ಇಲ್ಲಿ ಸೇರಿಸಿದರೆ ನೋಡಿ ಹೇಳುತ್ತೇನೆ.