ಬಲಿ ಕೊಡುವುದು, ಬಲಿಯಾಗುವುದು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಾಸರಗೋಡಿನ ಬೇಳದ ಸಮೀಪದಿಂದ ತಾವು ಬರೆದ ಆರು ಪುಟಗಳ ಪತ್ರ ಕೈಸೇರಿ ಮೂರು ವಾರಗಳಾದವು. ಅಷ್ಟನ್ನೂ ಅಚ್ಚು ಮಾಡುವಷ್ಟು ಜಾಗ ನಮ್ಮಲ್ಲಿಲ್ಲದ ಕಾರಣ ಅದರ ಸಾರವನ್ನು ಇತರ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ನೆರೆಮನೆಯ ಬಾಯಮ್ಮ ಕರೆದರೆಂದು ತಾವು ಈ ವರ್ಷ ಮೊದಲ ಬಾರಿಗೆ ಶುಭ ಶುಕ್ರವಾರದಂದು ಬೇಳದ ವ್ಯಾಕುಲಮಾತೆಯ ಇಗರ್ಜಿಗೆ (ಚರ್ಚಿಗೆ) ಹೋದಿರಿ. ಹೂವು, ದೀಪ, ಹೊದಿಕೆ ಯಾವುದೂ ಇಲ್ಲದ ಬೋಳು ಪೀಠವನ್ನೂ, ಸಾಲಾಗಿ ಬಂದು ಶಿಲುಬೆಗೆ ಮುತ್ತಿಟ್ಟು ಹೋಗುವ ಜನರನ್ನೂ ಕಂಡಿರಿ. ದೇವರ ಪ್ರೀತಿ ಪ್ರಕಟವಾದದ್ದು ಯೇಸುವಿನ ಈ ಮರಣದಲ್ಲಿಯೇ ಎಂದು ಪಾದ್ರಿಗಳು ಹೇಳಿದ್ದು ತಮ್ಮನ್ನು ಕಾಡಿದೆ. ಮಗನನ್ನು ಸಾಯಲು ಕೊಟ್ಟ ತಂದೆಯದು ಎಂಥ ಪ್ರೀತಿ? ಕ್ಷಮಿಸುವ ಮನಸ್ಸಿದ್ದರೆ ಸುಮ್ಮನೆ ಕ್ಷಮಿಸಬಹುದಿತ್ತು, ನಡುವೆ ರಕ್ತವೇಕೆ ಬಂತು? ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರಾದ್ದರಿಂದ ತಾವು ಶಿಬಿಯನ್ನೂ ದಧೀಚಿಯನ್ನೂ ಸಾಕ್ಷಿಗೆ ಕರೆದಿದ್ದೀರಿ: ಅವರು ಕೊಟ್ಟದ್ದು ತಮ್ಮ ಮೈಯನ್ನು, ಮಕ್ಕಳ ಮೈಯನ್ನಲ್ಲ. ತ್ಯಾಗದ ಉಪದೇಶ ಕೊನೆಗೆ ಮನೆಯ ಹೆಂಗಸರ ತಲೆಗೇ ಬರುತ್ತದಲ್ಲ ಎಂದು ಒಂದು ಕಡೆ ಕೇಳಿದ್ದೀರಿ. ಇಂಥ ಘೋರ ದಿನಕ್ಕೆ ‘ಶುಭ’ ಎಂಬ ವಿಶೇಷಣ ಹೇಗೆ ಅಂಟಿಕೊಂಡಿತೆಂಬುದು ತಮ್ಮ ಕೊನೆಯ ಪ್ರಶ್ನೆ.

ನಾನು ಆ ಧರ್ಮದವನಲ್ಲ. ಪೊರ್ಬುಗಳ, ಅಂದರೆ ಕೊಂಕಣಿ ಕ್ರೈಸ್ತರ, ತೋಟದ ಬೇಲಿಗೆ ತಾಗಿಕೊಂಡ ಮನೆಯಲ್ಲಿ ಬೆಳೆದವನು ಎಂಬುದಷ್ಟೇ ನನ್ನ ಅರ್ಹತೆ. ಆದ್ದರಿಂದ ನಂಬುವವರು ಏನನ್ನು ನಂಬುತ್ತಾರೋ ಅದನ್ನು ಅವರು ‘ಹೌದು, ಇದು ನಮ್ಮದೇ ಮಾತು’ ಎನ್ನುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ತಮ್ಮ ತೊಡಕಿನ ಅರ್ಧ ಪಾಲು ‘ಬಲಿ’ ಎಂಬ ಪದದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ಬಲಿ ಕೊಡುತ್ತೇವೆ, ಬಲಿ ಬೀಳುತ್ತೇವೆ, ಬಲಿಯಾಗುತ್ತೇವೆ. ಕೊಡುವವನು ಒಬ್ಬ, ಬೀಳುವುದು ಇನ್ನೊಂದು ಜೀವ, ಸ್ವೀಕರಿಸುವುದು ಮೂರನೆಯ ಶಕ್ತಿ. ಬಲಿ ಎಂದರೆ ಈ ಮೂವರೂ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ, ಮತ್ತು ಅದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಮನುಷ್ಯನಿಂದ ದೈವದ ಕಡೆಗೆ ಹೋಗುತ್ತದೆ. 1956ರ ನಂತರ ನಮ್ಮ ಸಭೆಗಳಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡನ್ನು ರಾಜ್ಯ ವಿಂಗಡಣೆಯ ಬಲಿಪಶು ಎಂದು ಕರೆದೂ ಕರೆದೂ ಆ ಪದಕ್ಕೆ ಅಸಹಾಯಕತೆಯ ವಾಸನೆಯೂ ಸೇರಿಕೊಂಡಿದೆ. ಈ ಕಿವಿಯಿಂದ ಶಿಲುಬೆಯ ಕಥೆಯನ್ನು ಕೇಳಿದಾಗ ಸಿಟ್ಟಾದ ದೇವರು, ಅವನ ಸಿಟ್ಟನ್ನು ಇಳಿಸಲು ರಕ್ತ, ರಕ್ತ ಸುರಿಸಲು ಒಬ್ಬ ನಿರಪರಾಧಿ ಎಂಬ ಚಿತ್ರ ತಾನಾಗಿಯೇ ಮೂಡುತ್ತದೆ. ಕ್ರೈಸ್ತರು ಹೇಳುವ ಕಥೆಯಲ್ಲಿ ಈ ದಾರಿ ತಿರುಗುಮುರುಗಾಗಿದೆ. ಅಲ್ಲಿ ಅರ್ಪಣೆ ಮೇಲಿನಿಂದ ಕೆಳಗೆ ಬರುತ್ತದೆ: ಕೊಡುವವನು ದೇವರು, ಪಡೆಯುವವನು ಮನುಷ್ಯ. ಬೈಬಲಿನಲ್ಲಿರುವ ಯೋಹಾನನ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ ಇದನ್ನು ಬಿಚ್ಚಿ ಹೇಳುತ್ತದೆ. ನಾವು ದೇವರನ್ನು ಪ್ರೀತಿಸಿದೆವೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ, ಆತನೇ ಮೊದಲು ಪ್ರೀತಿಸಿ ಮಗನನ್ನು ಕಳುಹಿಸಿದನೆಂಬುದೇ ಪ್ರೀತಿಯ ಗುರುತು. ರಕ್ತ ಬಿದ್ದ ಮೇಲೆ ದೇವರಿಗೆ ಪ್ರೀತಿ ಹುಟ್ಟಿತೆಂದು ಆ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಪ್ರೀತಿ ಮೊದಲೇ ಇತ್ತು, ಮಿಕ್ಕದ್ದೆಲ್ಲ ಅದರಿಂದ ಹೊರಟದ್ದು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿರುವ, ಎಲ್ಲರಿಗೂ ಬಾಯಿಪಾಠವಾಗಿರುವ ಹದಿನಾರನೆಯ ವಚನದಲ್ಲಿಯೂ ‘ಕೊಟ್ಟನು’ ಎಂದಷ್ಟೇ ಇದೆ, ‘ಬಲಿ ಕೊಟ್ಟನು’ ಎಂದಿಲ್ಲ ಎಂಬುದನ್ನು ಗಮನಿಸಬೇಕು. (ನಮ್ಮ ಜಾತ್ರೆಗಳಲ್ಲಿ ‘ದೇವರು ಬಲಿ ಹೊರಟರು’ ಎನ್ನುತ್ತೇವೆ. ಉತ್ಸವಮೂರ್ತಿಯನ್ನು ಹೊತ್ತು ಪ್ರದಕ್ಷಿಣೆ ಬರುವ ಅದರ ಅರ್ಥ ಪೂರ್ತಿ ಬೇರೆ ಎಂಬುದು ಗೊತ್ತಿದ್ದರೂ, ಪಾದ್ರಿಗಳ ಪ್ರವಚನ ಕೇಳುವಾಗಲೆಲ್ಲ ಆ ಮಾತು ನನಗೆ ನೆನಪಾಗುತ್ತದೆ.)

ಆದರೂ ಕೊಟ್ಟದ್ದು ಮಗನನ್ನಲ್ಲವೇ ಎಂದು ತಾವು ಪಟ್ಟು ಬಿಡಲಾರಿರಿ; ಬಿಡಲೂಬಾರದು. ತಂದೆ, ಮಗ ಎಂದ ಕೂಡಲೇ ನಮಗೆ ಇಬ್ಬರು ವ್ಯಕ್ತಿಗಳು, ಇಬ್ಬರ ಎರಡು ಮನಸ್ಸುಗಳು ಕಾಣುತ್ತವೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ಕ್ರೈಸ್ತರ ತ್ರಿಯೇಕ ದೇವರ ಸಿದ್ಧಾಂತ ಅಡ್ಡ ನಿಲ್ಲುವುದು ಇಲ್ಲಿಯೇ. ಮಗನೆಂಬವನು ದೇವರಿಂದ ಬೇರೆಯಾದ, ಕೈಗೆ ಸಿಕ್ಕ ಯಾವನೋ ಅಮಾಯಕನಲ್ಲ, ಅವನೂ ಅದೇ ದೇವರು; ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಂಡನೆಂದು ಆದಿ ಕ್ರೈಸ್ತ ಬೋಧಕ ಪೌಲನು ಕೊರಿಂಥದವರಿಗೆ ಬರೆದದ್ದರ ತಿರುಳು ಇದು. ಯೇಸು ಕೂಡ ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ಹೇಳಿದ್ದು ಯೋಹಾನನ ಹತ್ತನೆಯ ಅಧ್ಯಾಯದಲ್ಲಿದೆ. ಹಾಗಾದರೆ ಕೊಡುವವನು, ಬೀಳುವವನು ಎಂಬ ಇಬ್ಬರು ಇಲ್ಲಿ ಉಳಿಯುವುದೇ ಇಲ್ಲ. ತ್ರಿಯೇಕತ್ವವನ್ನು ಒಪ್ಪದವರಿಗೆ ತಮ್ಮ ಆಕ್ಷೇಪ ಪೂರ್ತಿ ಬಲದಿಂದ ಹಾಗೆಯೇ ನಿಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆ ಒಂದು ಕಂಬವನ್ನು ತೆಗೆದು ಉಳಿದ ಚಪ್ಪರ ನಿಲ್ಲಲಿ ಎಂದರೆ ಅದು ನಿಲ್ಲುವುದಿಲ್ಲ.

ತಮ್ಮ ಪ್ರಶ್ನೆ ಹೊರಗಿನವರು ಮಾತ್ರ ಕೇಳುವಂಥದ್ದೆಂದು ತಾವು ಸಂಕೋಚಪಟ್ಟಿದ್ದೀರಿ. ಸಂಕೋಚ ಬೇಕಿಲ್ಲ. ನಾಲ್ಕನೆಯ ಶತಮಾನದಲ್ಲಿ ನಾಜಿಯಾನ್ಸಸ್‌ನ ಗ್ರೆಗೊರಿ ಎಂಬ ಬಿಷಪ್ಪರು ಈಸ್ಟರ್ ಪ್ರವಚನವೊಂದರಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು: ಈ ರಕ್ತ ಸಂದದ್ದು ಯಾರಿಗೆ? ಸೈತಾನನಿಗೆ ಎಂದರೆ ಛೀ, ದರೋಡೆಕೋರನಿಗೆ ದೇವರನ್ನೇ ಬೆಲೆಯಾಗಿ ತೆತ್ತಂತಾಯಿತು. ತಂದೆಗೆ ಎಂದರೆ ನಮ್ಮನ್ನು ಸೆರೆಯಲ್ಲಿಟ್ಟವನು ತಂದೆಯಲ್ಲವಲ್ಲ. ಅಬ್ರಹಾಮನು ತನ್ನ ಮಗ ಇಸಾಕನನ್ನು ಅರ್ಪಿಸಲು ಹೊರಟಾಗ ಬೇಡವೆಂದು ತಡೆದ ದೇವರು ತನ್ನ ಮಗನ ರಕ್ತದಲ್ಲಿ ಸಂತೋಷಪಡುವುದು ಹೇಗೆ? ಗ್ರೆಗೊರಿಯವರು ಕೊಟ್ಟ ಉತ್ತರವೆಂದರೆ, ತಂದೆ ಅದನ್ನು ಕೇಳಿರಲಿಲ್ಲ, ಆತನಿಗೆ ಅದರ ಅಗತ್ಯವೂ ಇರಲಿಲ್ಲ. ಮನುಷ್ಯಸ್ವಭಾವ ದೇವರ ಮನುಷ್ಯತ್ವದಿಂದಲೇ ಪವಿತ್ರವಾಗಬೇಕಾಗಿತ್ತು, ಆದ್ದರಿಂದ ಸ್ವೀಕರಿಸಿದನು. ಇದು ತಮಗೆ ತೃಪ್ತಿ ಕೊಡುತ್ತದೆಯೋ ಇಲ್ಲವೋ ತಿಳಿಯದು. ಅಂಥ ಪ್ರಶ್ನೆಯನ್ನು ಕೇಳಿದವರನ್ನು ಆ ಧರ್ಮ ಹೊರಗೆ ಹಾಕದೆ ಸಂತರೆಂದು ಗೌರವಿಸಿತು ಎಂಬುದು ಮಾತ್ರ ನನಗೆ ಹಿಡಿಸಿದ ಸಂಗತಿ.

ಸುಮ್ಮನೆ ಕ್ಷಮಿಸಬಾರದಿತ್ತೇ ಎಂಬ ಪ್ರಶ್ನೆಗೆ ನಮ್ಮ ವ್ಯವಹಾರದಿಂದಲೇ ಒಂದು ಮಾತು ಹೇಳಬಹುದು. ಅಡಿಕೆ ಧಾರಣೆ ಕುಸಿದ ವರ್ಷ ನೆರೆಯವನು ತಮ್ಮಿಂದ ಪಡೆದ ಎರಡು ಲಕ್ಷ ರೂಪಾಯಿ ಹಿಂದಿರುಗಿಸಲಾರದೆ ಅಂಗಳದಲ್ಲಿ ಬಂದು ನಿಂತಾಗ ತಾವು ‘ಹೋಗಲಿ ಬಿಡಿ’ ಎಂದಿರೆಂದು ಇಟ್ಟುಕೊಳ್ಳೋಣ. ಆಗ ಸಾಲ ಗಾಳಿಯಲ್ಲಿ ಕರಗುವುದಿಲ್ಲ. ಅದು ತಮ್ಮ ಮನೆಗೆ ಬಂದು ಕೂರುತ್ತದೆ. ಮಗಳ ಮದುವೆಗೆಂದು ತೆಗೆದಿಟ್ಟದ್ದರಲ್ಲಿ ಕಳೆಯುತ್ತದೆ, ಮಾಡಿಗೆ ಹೊಸ ಹೆಂಚು ಹೊದೆಸುವುದು ಮುಂದಕ್ಕೆ ಹೋಗುತ್ತದೆ. ಕ್ಷಮಿಸಿಕೊಂಡವನಿಗೆ ಅದು ಪುಕ್ಕಟೆ, ಕ್ಷಮಿಸಿದವನಿಗೆ ಅಲ್ಲ. ಶಿಲುಬೆ ಎಂದರೆ ಕ್ಷಮೆಯ ಈ ಭಾರವನ್ನು ದೇವರು ತನ್ನ ಮೈಮೇಲೆ ತೆಗೆದುಕೊಂಡದ್ದು ಕಣ್ಣಿಗೆ ಕಂಡ ಬಗೆ ಎಂದು ಅವರಲ್ಲಿ ಅನೇಕರು ಅರ್ಥ ಮಾಡುತ್ತಾರೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮರು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಇದನ್ನೇ ಸಾಲ, ಮರ್ಯಾದೆ ಎಂಬ ಪದಗಳಲ್ಲಿ ವಾದಿಸಿದರು: ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಇರುವುದು, ಆ ಋಣ ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ, ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು. ತರ್ಕ ಬಿಗಿಯಾಗಿದೆ. ಆದರೆ ಅದರೊಳಗಿನ ದೇವರು ಸ್ವಲ್ಪ ನಮ್ಮ ಹಳೆಯ ಕಾಲದ ಧಣಿಯಂತೆ ಕಾಣುತ್ತಾನೆ. 1970ರ ಭೂಸುಧಾರಣೆಗೆ ಮೊದಲು ಒಕ್ಕಲಾಗಿದ್ದವರಿಗೆ ನಾನು ಹೇಳುವುದು ಥಟ್ಟನೆ ತಿಳಿದೀತು. ಆನ್ಸೆಲ್ಮರ ನಂತರ ಬಂದ ಫ್ರಾನ್ಸಿನ ಪಂಡಿತ ಅಬೆಲಾರ್ಡರಿಗೂ ಈ ವಾದ ಒಗ್ಗಲಿಲ್ಲ. ಅಷ್ಟು ಪ್ರೀತಿಯನ್ನು ಕಂಡ ಮನುಷ್ಯನ ಎದೆಯಲ್ಲಿ ಪ್ರೀತಿ ಹೊತ್ತಿಕೊಳ್ಳುವುದೇ ವಿಮೋಚನೆ ಎಂದು ಅವರು ಬರೆದರು. ಹೀಗೆ ವಾದಗಳು ಹಲವು. ಎಲ್ಲರಿಗೂ ಸಾಮಾನ್ಯವಾದ ನೈಸೀಯ ವಿಶ್ವಾಸಪ್ರಮಾಣ ಮಾತ್ರ ‘ನಮಗಾಗಿ ಶಿಲುಬೆಗೇರಿಸಲ್ಪಟ್ಟನು’ ಎಂದು ಹೇಳಿ, ಅದು ಹೇಗೆ ಫಲಿಸಿತೆಂಬುದನ್ನು ವಿವರಿಸದೆ ಬಿಡುತ್ತದೆ. ಸಿಟ್ಟಾದ ತಂದೆ, ಪೆಟ್ಟು ತಿಂದ ಮಗ ಎಂದು ಕೆಲವರು ಮೈಕಿನಲ್ಲಿ ಕೂಗಿ ಹೇಳುವುದು ಈ ಹಲವು ವಾದಗಳಲ್ಲಿ ಒಂದರ ಒರಟು ರೂಪ. ಇಡೀ ಕ್ರೈಸ್ತಮತದ ಮಾತೆಂದು ಅದನ್ನು ತಿಳಿಯಬೇಕಾಗಿಲ್ಲ.

ಇನ್ನು ಶಿಬಿ. ತಾವು ಅರ್ಥಧಾರಿ, ಆ ಪ್ರಸಂಗವನ್ನು ನಾನು ತಮಗೆ ವಿವರಿಸಹೊರಡುವುದು ಉದ್ಧಟತನವಾದೀತು. ಆದರೂ ತಕ್ಕಡಿಯ ಎದುರು ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಒಮ್ಮೆ ನೋಡೋಣ. ಗಿಡುಗನಾಗಿ ಬಂದವನು ಇಂದ್ರ, ಪಾರಿವಾಳವಾಗಿ ಬಂದವನು ಅಗ್ನಿ. ದೇವತೆಗಳು ಪರೀಕ್ಷಕರು, ಮನುಷ್ಯ ಪರೀಕ್ಷೆಗೆ ನಿಂತವನು, ಮತ್ತು ಅವನು ಗೆದ್ದೊಡನೆ ಅವರು ನಿಜರೂಪ ತೋರಿಸಿ ಹರಸುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿಯಲ್ಲಿ ತಕ್ಕಡಿಯನ್ನು ಏರಿದವನು ದೇವರು, ಕೆಳಗೆ ನಿಂತು ನೋಡಿದವರು ಮನುಷ್ಯರು, ಸಾಕು ಎಂದು ತಡೆಯಲು ಯಾರೂ ಬರಲಿಲ್ಲ. ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂಬ ಕೂಗು ಎದ್ದಾಗಲೂ ಆಕಾಶ ಸುಮ್ಮನಿತ್ತು. ಇನ್ನೊಂದು ವ್ಯತ್ಯಾಸವೂ ಉಂಟು. ಶಿಬಿ ಮೈ ಕೊಯ್ದುಕೊಟ್ಟದ್ದು ಶರಣು ಬಂದ ಹಕ್ಕಿಗಾಗಿ, ದಧೀಚಿ ಎಲುಬು ಕೊಟ್ಟದ್ದು ಬೇಡಿ ಬಂದ ದೇವತೆಗಳಿಗಾಗಿ. ಒಳ್ಳೆಯವನಿಗೋಸ್ಕರ ಪ್ರಾಣ ಕೊಡಲು ಯಾರಾದರೂ ಮುಂದೆ ಬಂದಾರು ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ನಾವಿನ್ನೂ ಪಾಪಿಗಳೂ ಶತ್ರುಗಳೂ ಆಗಿದ್ದಾಗಲೇ ಕ್ರಿಸ್ತನು ಸತ್ತನೆಂಬುದರಲ್ಲಿ ಅವನು ದೇವರ ಪ್ರೀತಿಯ ಅಳತೆಯನ್ನು ಕಾಣುತ್ತಾನೆ. ಕೇಳದವರಿಗೆ, ಬೇಡವೆಂದವರಿಗೆ, ಮೊಳೆ ಹೊಡೆದವರಿಗೆ ಕೊಟ್ಟದ್ದು ಅದು. ಯಾರ ತ್ಯಾಗ ಹಿರಿದು ಎಂದು ತೂಗುವ ಕೆಲಸವನ್ನು ನಾನು ಮಾಡುವುದಿಲ್ಲ. ಇವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದ ಕಥೆಗಳು.

ಈ ಎರಡು ಲೋಕಗಳನ್ನು ಎದುರುಬದುರು ಇಟ್ಟು ನೋಡಿದವರಲ್ಲಿ ತಾವೇ ಮೊದಲಿಗರಲ್ಲ. ನಿಘಂಟಿನ ಕಿಟ್ಟೆಲರು ಯಜ್ಞವನ್ನೇ ವಿಷಯವಾಗಿಟ್ಟುಕೊಂಡು 1872ರಲ್ಲಿ ಮಂಗಳೂರಿನಿಂದ ಪುಸ್ತಕ ಹೊರತಂದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದೆಯೂ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು, ಬುದ್ಧನ ಕೊನೆಯ ದಿನದ ಮೇಲೂ ಒಂದು ಕಾವ್ಯ ಬರೆದರು. ಆ ಮನೆಯ ಮುಂದಿನ ರಸ್ತೆಯಲ್ಲಿ ಓಡಾಡುವ ನಾವು ಅದನ್ನು ತೆರೆದು ಓದುವುದು ಕಡಿಮೆ.

ಹೆಂಗಸರ ಮಾತು ಎತ್ತಿದ್ದಕ್ಕೆ ತಮಗೆ ಕೃತಜ್ಞ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತ್ಯಂತ ತೂಕದ ವಾಕ್ಯ ಅದು. ಸುವಾರ್ತೆಯಲ್ಲಿ ಈ ಒಂದೇ ಮರಣದ ಕುರಿತು ಇಬ್ಬರು ಮಾತಾಡುತ್ತಾರೆ. ಜನರೆಲ್ಲ ನಾಶವಾಗುವುದಕ್ಕಿಂತ ಅವರಿಗೋಸ್ಕರ ಒಬ್ಬನು ಸಾಯುವುದು ಮೇಲು ಎಂದವನು ಮಹಾಯಾಜಕ ಕಾಯಫ. ನಾನಾಗಿಯೇ ಪ್ರಾಣ ಕೊಡುತ್ತೇನೆ ಎಂದವನು ಯೇಸು. ಒಬ್ಬನದು ಬಲಿ ಕೊಡುವವನ ಮಾತು, ಇನ್ನೊಬ್ಬನದು ಬಲಿಯಾಗುವವನ ಮಾತು, ಪೂಜಿಸುವುದು ಎರಡನೆಯವನನ್ನು. ಸಂಸಾರ ಒಡೆಯದಿರಲೆಂದು ಸೊಸೆಯೊಡನೆ ‘ನೀನೇ ಸ್ವಲ್ಪ ತ್ಯಾಗ ಮಾಡು ಮಗಳೇ’ ಎನ್ನುವ ಹಿರಿಯರು ಯಾವ ಜಾತಿಯವರಾಗಿದ್ದರೂ, ಬಾಯಲ್ಲಿ ಯಾರ ಹೆಸರಿದ್ದರೂ, ಆ ಹೊತ್ತಿಗೆ ಆಡುವುದು ಕಾಯಫನ ಮಾತನ್ನು. ಎಣ್ಮಕಜೆಯ ಕಡೆಯ ತಾಯಂದಿರನ್ನು ನೆನೆಯಿರಿ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದರ ಫಲವನ್ನು ಅವರು ಇಂದಿಗೂ ಮಡಿಲಲ್ಲಿಟ್ಟುಕೊಂಡು ಸಾಕುತ್ತಿದ್ದಾರೆ. ಅವರನ್ನು ‘ತ್ಯಾಗಮಯಿ’ ಎಂದು ಹೊಗಳುವ ಬರಹಗಳು ನಮ್ಮ ಕಚೇರಿಗೂ ಬರುತ್ತವೆ, ನಾನು ಅವುಗಳನ್ನು ಹಿಂದಕ್ಕೆ ಕಳುಹಿಸುತ್ತೇನೆ. ಆ ತಾಯಂದಿರ ಪ್ರೀತಿ ದೊಡ್ಡದು, ಸಂದೇಹವಿಲ್ಲ. ಆದರೆ ಅವರ ಮೇಲೆ ನಡೆದದ್ದು ಅನ್ಯಾಯ, ಅದಕ್ಕೆ ತ್ಯಾಗವೆಂಬ ಹೆಸರು ಹೊಂದುವುದಿಲ್ಲ. ತಾವು ಹೋದ ಇಗರ್ಜಿ 1890ರಿಂದ ವ್ಯಾಕುಲಮಾತೆಯ ಹೆಸರಿನಲ್ಲಿಯೇ ಇದೆ. ಮರಿಯಮ್ಮನನ್ನು ಅಲ್ಲಿ ಮಗನ ಸಾವಿಗೆ ಸಮಾಧಾನ ತಂದುಕೊಂಡವಳನ್ನಾಗಿ ತೋರಿಸದೆ, ಎದೆಗೆ ಖಡ್ಗ ಚುಚ್ಚಿದಂತೆ ನೊಂದವಳನ್ನಾಗಿ ನೆನೆಯುತ್ತಾರೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನ ‘ಗುಡ್’ ಎಂಬ ಪದಕ್ಕೆ ಹಿಂದೆ ಪವಿತ್ರ ಎಂಬ ಅರ್ಥವೂ ಇತ್ತು. ಗುಡ್ ಫ್ರೈಡೇಯಲ್ಲಿ ಉಳಿದಿರುವುದು ಆ ಅರ್ಥ. ಕನ್ನಡಕ್ಕೆ ತಂದವರು ಅದನ್ನು ‘ಶುಭ’ ಎಂದರು. ನಮ್ಮ ಜಿಲ್ಲೆಯಲ್ಲಿಯೇ ಮಲಯಾಳ ಮಾತಾಡುವ ಕ್ರೈಸ್ತರು ಅದೇ ದಿನವನ್ನು ದುಃಖವೆಳ್ಳಿ ಎನ್ನುತ್ತಾರೆ, ಅಂದರೆ ದುಃಖದ ಶುಕ್ರವಾರ. ಒಂದೇ ಗೋಡೆಯ ಆಚೆ ಈಚೆ ತೂಗುವ ಎರಡು ಕ್ಯಾಲೆಂಡರುಗಳಲ್ಲಿ ಒಂದು ಶುಭವೆಂದೂ ಒಂದು ದುಃಖವೆಂದೂ ಬರೆಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಾವುದು ಸರಿ ಎಂದು ನೆರೆಮನೆಯ ಹಿರಿಯರನ್ನು ಕೇಳಿದಾಗ, ಶುಕ್ರವಾರಕ್ಕೆ ಮಲಯಾಳ ಸರಿ, ಯೇಸು ಎದ್ದುಬಂದ ಭಾನುವಾರದಿಂದ ಹಿಂದಿರುಗಿ ನೋಡಿದರೆ ಕನ್ನಡ ಸರಿ ಎಂದಿದ್ದರು.

ಕಥೋಲಿಕರಲ್ಲಿ ಆ ಶುಕ್ರವಾರ ಬಲಿಪೂಜೆಯೇ (ಇಂಗ್ಲಿಷಿನ ಮಾಸ್) ನಡೆಯುವುದಿಲ್ಲ. ಹಿಂದಿನ ದಿನ ಪವಿತ್ರೀಕರಿಸಿಟ್ಟ ಪ್ರಸಾದವನ್ನೇ ಹಂಚುತ್ತಾರೆ. ತಾವು ಕಂಡ ಬೋಳು ಪೀಠ, ಬಾರಿಸದೆ ಉಳಿದ ಗಂಟೆ ಎಲ್ಲವೂ ಅದರ ಭಾಗ. ಶನಿವಾರ ರಾತ್ರಿಗೂ ಬನ್ನಿರೆಂದು ಬಾಯಮ್ಮ ಕರೆದಿದ್ದರು, ತಾವು ಹೋಗಲಿಲ್ಲವೆಂದು ಬರೆದಿದ್ದೀರಿ. ಮುಂದಿನ ವರ್ಷ ಹೋಗಿಬನ್ನಿ. ಹೊರಗೆ ಕತ್ತಲಲ್ಲಿ ಬೆಂಕಿ ಹಚ್ಚಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿ, ಆ ಬತ್ತಿಯಿಂದ ಉಳಿದವರ ಬತ್ತಿಗಳು ಹೊತ್ತುತ್ತವೆ. ನಿಂತಿದ್ದ ಗಂಟೆ ಅಂದು ಮತ್ತೆ ಬಾರಿಸುತ್ತದೆ. ಮುಗಿಯುವಾಗ ತಡವಾಗುವುದರಿಂದ ಬಸ್ಸನ್ನು ನಂಬಬೇಡಿ, ಹಿಂದಿರುಗಲು ರಿಕ್ಷಾವನ್ನು ಮೊದಲೇ ಹೇಳಿಟ್ಟಿರಿ.

ಇತಿ,
ಸಂಪಾದಕ